ಮೂರು ನಿಮಿಷದಿಂದ ಒಂಬತ್ತು ನಿಮಿಷಕ್ಕೆ: ಗ್ರೀನ್ ಡೇ ಸದ್ದು ಬೆಳೆದ ದಾರಿ

ಅಮೆರಿಕದ ಗ್ರೀನ್ ಡೇ ಬ್ಯಾಂಡನ್ನು ನಾನು ಕೇಳಿದ್ದು ಹಿಂದುಮುಂದಾಗಿ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಗೆಳೆಯನ ಕಂಪ್ಯೂಟರಿನಿಂದ ಮೊದಲು ಕಿವಿಗೆ ಬಿದ್ದದ್ದು 2004ರ ‘ಬೊಲೆವಾರ್ಡ್ ಆಫ್ ಬ್ರೋಕನ್ ಡ್ರೀಮ್ಸ್’. ನಿಧಾನದ ನಡೆ, ನಡುಗುವ ಗಿಟಾರು, ನಿರ್ಜನ ಬೀದಿಯಲ್ಲಿ ಒಬ್ಬನೇ ನಡೆದು ಹೋಗುವವನ ಒಂಟಿತನ. ಇದು ದುಃಖದ ಹಾಡು ಹಾಡುವ ಬ್ಯಾಂಡು ಅಂದುಕೊಂಡೆ. ಕೆಲವು ತಿಂಗಳ ನಂತರ ಅದೇ ಗೆಳೆಯ ಅವರದೇ 1994ರ ‘ಡೂಕಿ’ ಆಲ್ಬಮ್ ಹಾಕಿದ. ಶುರುವಾದ ಹಾಡು ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಮುಗಿದೇ ಹೋಯಿತು. ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಇವರು ಅವರೇನಾ ಅಂತ ಕೇಳಿದೆ. ಅವರೇ. ಅದೇ ಮೂವರು: ಗಿಟಾರು ಮತ್ತು ಗಾಯನಕ್ಕೆ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರಿಗೆ ಮೈಕ್ ಡರ್ಂಟ್, ಡ್ರಮ್ಸ್‌ಗೆ ಟ್ರೇ ಕೂಲ್.

ಎರಡು ಮೂರು ನಿಮಿಷದ ಹಾಡು ಬರೆಯುತ್ತಿದ್ದ ಹುಡುಗರು ಹತ್ತು ವರ್ಷದಲ್ಲಿ ಒಂಬತ್ತು ನಿಮಿಷದ ಹಾಡಿಗೆ ಹೇಗೆ ಬಂದರು? ಸಾಮಾನ್ಯವಾಗಿ ಸಿಗುವ ಉತ್ತರ, ಅವರು ಪಂಕ್ (ವೇಗದ, ಒರಟು, ಚಿಕ್ಕ ಹಾಡುಗಳ ರಾಕ್ ಸಂಗೀತ) ಬಿಟ್ಟು ದೊಡ್ಡ ರಾಕ್ ಬ್ಯಾಂಡ್ ಆದರು ಎನ್ನುವುದು. ನನಗೆ ಅದು ಒಪ್ಪಿಗೆಯಿಲ್ಲ. ಅವರು ಚಿಕ್ಕ ಹಾಡನ್ನು ಯಾವತ್ತೂ ಬಿಡಲಿಲ್ಲ. ಚಿಕ್ಕ ಹಾಡುಗಳನ್ನು ಒಂದಕ್ಕೊಂದು ಹೊಲಿಯುವುದನ್ನು ಕಲಿತರು. ಈ ಮಾತು ಯಾಕೆ ನಿಜ ಅಂತ ತೋರಿಸಬೇಕಾದರೆ ಅವರ ಊರಿನಿಂದಲೇ ಶುರು ಮಾಡಬೇಕು.

ರೋಡಿಯೊ ಊರಿನ ಹುಡುಗರು

ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯನ್ನು ಈಸ್ಟ್ ಬೇ ಅನ್ನುತ್ತಾರೆ. ಅಲ್ಲಿ ತೈಲ ಶುದ್ಧೀಕರಣ ಘಟಕದ ಪಕ್ಕದಲ್ಲಿರುವ ಪುಟ್ಟ ಊರು ರೋಡಿಯೊ. ಬಿಲ್ಲಿ ಜೋ ಬೆಳೆದದ್ದು ಇಲ್ಲಿ. ಅಪ್ಪ ಲಾರಿ ಓಡಿಸುತ್ತಿದ್ದರು, ಜೊತೆಗೆ ಜಾಝ್ ಡ್ರಮ್ಸ್ ನುಡಿಸುತ್ತಿದ್ದರು. 1982ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ಅದೇ ಸುಮಾರಿಗೆ ಶಾಲೆಯ ಕ್ಯಾಂಟೀನಿನಲ್ಲಿ ಮೈಕ್ ಸಿಕ್ಕ. ಆ ಸ್ನೇಹ ಇವತ್ತಿಗೂ ಮುರಿದಿಲ್ಲ. ಅಮ್ಮ ಕೊಡಿಸಿದ ನೀಲಿ ಬಣ್ಣದ ಗಿಟಾರಿಗೆ ಬಿಲ್ಲಿ ಜೋ ‘ಬ್ಲೂ’ ಅಂತಲೇ ಹೆಸರಿಟ್ಟುಕೊಂಡ. ಮುಂದೆ ಕೋಟ್ಯಂತರ ಜನ ಕೇಳಿದ ಸದ್ದು ಆ ಗಿಟಾರಿನದು. ಇವರ ಮೊದಲ ಕಾರ್ಯಕ್ರಮ ನಡೆದದ್ದು 1987ರ ಅಕ್ಟೋಬರಿನಲ್ಲಿ, ವಲೆಹೊ ಊರಿನ ಒಂದು ಹೋಟೆಲಿನಲ್ಲಿ. ಬಿಲ್ಲಿ ಜೋನ ಅಮ್ಮ ಕೆಲಸ ಮಾಡುತ್ತಿದ್ದ ಹೋಟೆಲು ಅದು. ಆಗ ಬ್ಯಾಂಡಿನ ಹೆಸರು ಸ್ವೀಟ್ ಚಿಲ್ಡ್ರನ್. 1989ರಲ್ಲಿ ಅದು ಗ್ರೀನ್ ಡೇ ಆಯಿತು.

ಇವರನ್ನು ರೂಪಿಸಿದ ಜಾಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬರ್ಕ್ಲಿ ನಗರದ 924 ಗಿಲ್ಮನ್ ಸ್ಟ್ರೀಟ್‌ನಲ್ಲಿ ಒಂದು ಹಳೇ ಗೋದಾಮು. 1986ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಮೊದಲ ಕಾರ್ಯಕ್ರಮ ನಡೆಯಿತು. ನಡೆಸುವವರೆಲ್ಲ ಸ್ವಯಂಸೇವಕರು. ಯಾವ ವಯಸ್ಸಿನವರಿಗೂ ಪ್ರವೇಶ ಉಂಟು. ಕುಡಿಯುವ ಹಾಗಿಲ್ಲ, ಹೊಡೆದಾಡುವ ಹಾಗಿಲ್ಲ, ಜನಾಂಗದ ಹೆಸರಿನಲ್ಲಾಗಲಿ ಹೆಣ್ಣು ಗಂಡಿನ ಹೆಸರಿನಲ್ಲಾಗಲಿ ಯಾರನ್ನೂ ಹೀಯಾಳಿಸುವ ಹಾಗಿಲ್ಲ. ಅಮೆರಿಕದಲ್ಲಿ ರಾಕ್ ಕಾರ್ಯಕ್ರಮಗಳು ಹೆಚ್ಚಾಗಿ ಬಾರುಗಳಲ್ಲಿ ನಡೆಯುತ್ತವೆ, ಬಾರಿನೊಳಗೆ ಹೋಗಲು 21 ತುಂಬಿರಬೇಕು. ಹದಿನೈದು, ಹದಿನಾರರ ಮಕ್ಕಳಿಗೆ ಹಾಡು ಕೇಳಲು, ಹಾಡಲು ಸಿಕ್ಕ ಜಾಗ ಗಿಲ್ಮನ್. ಇನ್ನೊಂದು ನಿಯಮವೂ ಇತ್ತು: ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಡಿಗೆ ಇಲ್ಲಿ ವೇದಿಕೆ ಇಲ್ಲ. ಈ ನಿಯಮ ಮುಂದೆ ಇದೇ ಹುಡುಗರ ಎದೆಗೆ ಚುಚ್ಚಲಿತ್ತು.

ಲುಕ್‌ಔಟ್ ಎಂಬ ಪುಟ್ಟ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಇವರ ಮೊದಲ ಪೂರ್ಣ ಆಲ್ಬಮ್ ‘39/ಸ್ಮೂತ್’ ಅನ್ನು 1990ರಲ್ಲಿ ಹೊರತಂದಿತು. ರೆಕಾರ್ಡಿಂಗಿಗೆ ಆದ ಖರ್ಚು ಸಾವಿರ ಡಾಲರೂ ಅಲ್ಲ. ಅದೇ ವರ್ಷ ಆಗಿನ ಡ್ರಮ್ಮರ್ ಓದಿಗಾಗಿ ಹೊರಟು ಹೋದಾಗ ಟ್ರೇ ಕೂಲ್ ಬಂದ. ಇವನು ಹನ್ನೆರಡನೇ ವಯಸ್ಸಿನಿಂದಲೇ ಲುಕ್‌ಔಟ್ ಲೇಬಲಿನ ಲ್ಯಾರಿ ಲಿವರ್‌ಮೋರ್ ಜೊತೆ ಬ್ಯಾಂಡಿನಲ್ಲಿ ನುಡಿಸಿದವನು. ಇವರ ಊರೂರು ತಿರುಗಾಟಕ್ಕೆ ಟ್ರೇ ಕೂಲನ ಅಪ್ಪ ಒಂದು ಹಳೇ ಸಂಚಾರಿ ಗ್ರಂಥಾಲಯದ ಬಂಡಿಯನ್ನು ದುರಸ್ತಿ ಮಾಡಿ ತಾವೇ ಓಡಿಸಿದರು. ಪುಸ್ತಕ ಇರುತ್ತಿದ್ದ ಕಡೆ ಡ್ರಮ್ಸು, ಆಂಪ್ಲಿಫೈಯರು, ಮಲಗಲು ಜಾಗ. ಪಂಕ್ ಎಂದರೆ ಅಪ್ಪ ಅಮ್ಮನ ಮೇಲಿನ ಸಿಟ್ಟು ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಬಂಡಿ ನೆನಪಾಗುತ್ತದೆ.

ಸ ಮತ್ತು ಪ, ನಡುವೆ ಖಾಲಿ

ಈಗ ಸದ್ದಿನ ವಿಚಾರ. ಪಾಪ್-ಪಂಕ್ ಎಂದರೇನು ಅಂತ ಕೇಳಿದರೆ ನಾನು ಗಿಟಾರಿನ ಒಂದು ಹಿಡಿತದಿಂದ ಶುರು ಮಾಡುತ್ತೇನೆ. ಅದರ ಹೆಸರು ಪವರ್ ಕಾರ್ಡ್.

ಮಾಮೂಲಿ ಕಾರ್ಡಿನಲ್ಲಿ ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ಗ, ಪ. ಗಾಂಧಾರ ಅಂತರವಾದರೆ ಮೇಜರ್ ಕಾರ್ಡು, ಕಿವಿಗೆ ಬೆಳಕು. ಸಾಧಾರಣವಾದರೆ ಮೈನರ್, ಕಿವಿಗೆ ಮಬ್ಬು. ಭಾವ ಹೊತ್ತಿರುವುದು ಗಾಂಧಾರ. ಪವರ್ ಕಾರ್ಡಿನಲ್ಲಿ ಈ ಗಾಂಧಾರವನ್ನೇ ತೆಗೆದು ಹಾಕುತ್ತಾರೆ. ಉಳಿಯುವುದು ಸ ಮತ್ತು ಪ, ಅಂದರೆ ನಮ್ಮ ತಂಬೂರಿ ಹಿಡಿದಿಡುವ ಸ್ವರಗಳೇ. ಯಾಕೆ ಹೀಗೆ? ಗಿಟಾರಿನ ಸದ್ದನ್ನು ಆಂಪ್ಲಿಫೈಯರಿನಲ್ಲಿ ಒಡೆಯುವಷ್ಟು ಏರಿಸಿದಾಗ ಮೂರೂ ಸ್ವರ ಒಟ್ಟಿಗೆ ನುಡಿಸಿದರೆ ಕಲಸುಮೇಲೋಗರವಾಗುತ್ತದೆ. ಸ ಮತ್ತು ಪ ಮಾತ್ರ ಇದ್ದರೆ ಎಷ್ಟೇ ಒಡೆದರೂ ಸದ್ದು ಗಟ್ಟಿಯಾಗಿ, ಶುದ್ಧವಾಗಿ ನಿಲ್ಲುತ್ತದೆ. ಕಲಿಯುವುದೂ ಸುಲಭ. ಎರಡು ಬೆರಳಿನ ಅದೇ ಆಕಾರವನ್ನು ಗಿಟಾರಿನ ಕುತ್ತಿಗೆಯ ಉದ್ದಕ್ಕೂ ಜಾರಿಸಿದರೆ ಹಾಡು ಸಿದ್ಧ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಹುಡುಗ ಹುಡುಗಿಯರಿಗೆ 1970ರ ದಶಕದ ಪಂಕ್ ಕೊಟ್ಟ ದೊಡ್ಡ ಬಿಡುಗಡೆ ಇದೇ. ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡ್ ಇಂಥ ಸರಳ ಹಿಡಿತಗಳ ಮೇಲೆ ತನ್ನ ಇಡೀ ಲೋಕ ಕಟ್ಟಿತು.

ಹಾಗಾದರೆ ಕೈಬಿಟ್ಟ ಗಾಂಧಾರ ಎಲ್ಲಿ ಹೋಯಿತು? ಪಾಪ್-ಪಂಕ್‌ನ ಗುಟ್ಟು ಇಲ್ಲಿದೆ. ಅದನ್ನು ಗಾಯಕ ಹೊತ್ತುಕೊಳ್ಳುತ್ತಾನೆ. ಗಿಟಾರು ಖಾಲಿ ಬಿಟ್ಟ ಜಾಗದಲ್ಲಿ ಬಿಲ್ಲಿ ಜೋನ ಧಾಟಿ ಬಂದು ಕೂರುತ್ತದೆ. ಅದು ಬೀಟಲ್ಸ್ ಕಾಲದ ಪಾಪ್ ಧಾಟಿ, ಒಮ್ಮೆ ಕೇಳಿದರೆ ಸ್ನಾನದ ಮನೆಯಲ್ಲಿ ಗುನುಗುವಂಥದ್ದು. ಅದರ ಮೇಲೆ ಮೈಕ್‌ನ ಎರಡನೇ ದನಿ. ಕೆಳಗೆ ಒರಟು ಗೋಡೆ, ಮೇಲೆ ನವಿರು ರಾಗ. ಒರಟು ಇಲ್ಲದಿದ್ದರೆ ಅದು ಬರೀ ಪಾಪ್, ನವಿರು ಇಲ್ಲದಿದ್ದರೆ ಬರೀ ಪಂಕ್.

ಇನ್ನೊಂದು ಉಪಾಯವನ್ನೂ ತಿಳಿದುಕೊಂಡರೆ ಇವರ ಹಾಡು ಕೇಳುವ ರೀತಿಯೇ ಬದಲಾಗುತ್ತದೆ. ಬಲಗೈಯ ಅಂಚನ್ನು ತಂತಿಯ ಬುಡಕ್ಕೆ ಮೆಲ್ಲಗೆ ಒತ್ತಿ ಮೀಟಿದರೆ ಸದ್ದು ಬಿಡಿಸಿಕೊಳ್ಳದೆ ‘ಡುಗು ಡುಗು’ ಅಂತ ಬಾಯಿ ಮುಚ್ಚಿಕೊಂಡಿರುತ್ತದೆ. ಕೈ ಎತ್ತಿದ ಕೂಡಲೇ ಪೂರಾ ತೆರೆದುಕೊಳ್ಳುತ್ತದೆ. ಇದಕ್ಕೆ ಪಾಮ್ ಮ್ಯೂಟ್ ಎನ್ನುತ್ತಾರೆ. ಚರಣದಲ್ಲಿ ಮುಚ್ಚಿ, ಪಲ್ಲವಿಯಲ್ಲಿ ತೆರೆದರೆ ಸಾಕು, ಹೊಸ ವಾದ್ಯ ಒಂದೂ ಸೇರದೆ ಹಾಡು ಎದ್ದು ನಿಲ್ಲುತ್ತದೆ. ಮೂರೇ ಜನರ ಬ್ಯಾಂಡಿಗೆ ಇದು ದೊಡ್ಡ ಆಸ್ತಿ.

ಡೂಕಿ, ಮತ್ತು ಮುಚ್ಚಿದ ಬಾಗಿಲು

1991ರ ಕೊನೆಯಲ್ಲಿ ಬಂದ ‘ಕರ್‌ಪ್ಲಂಕ್’ ಸಣ್ಣ ಲೇಬಲಿನ ಮಟ್ಟಿಗೆ ಊಹಿಸದಷ್ಟು ಮಾರಾಟವಾಯಿತು. ದೊಡ್ಡ ಕಂಪನಿಗಳು ಬಾಗಿಲು ತಟ್ಟಿದವು. ಹಲವರನ್ನು ಭೇಟಿಯಾದ ಮೇಲೆ ಬ್ಯಾಂಡು ವಾರ್ನರ್ ಗುಂಪಿನ ರಿಪ್ರೀಸ್ ಲೇಬಲ್ ಆಯ್ದುಕೊಂಡಿತು. ಮುಖ್ಯ ಕಾರಣ ರಾಬ್ ಕವಾಲೊ ಎಂಬ ನಿರ್ಮಾಪಕ. ಇವರ ಜೊತೆ ಕೂತು ಗಿಟಾರು ನುಡಿಸಬಲ್ಲವನು, ಇವರ ಮಾತು ಕೇಳುವವನು. ಸಹಿ ಬಿತ್ತು. ಗಿಲ್ಮನ್ ಬಾಗಿಲು ಮುಚ್ಚಿತು.

ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ನೂರಾರು ಜನ ಹಿಡಿಯುವ ಗೋದಾಮಿನಲ್ಲಿ ಹಾಡುವ ಹಾಗಿಲ್ಲ, ಅಷ್ಟೇ ತಾನೆ? ಅವರಿಗೆ ಅದು ಅಷ್ಟೇ ಆಗಿರಲಿಲ್ಲ. ಅಪ್ಪ ಇಲ್ಲದ ಹುಡುಗನಿಗೆ, ಮನೆಯ ಕಷ್ಟ ಕಂಡು ಬೆಳೆದ ಗೆಳೆಯನಿಗೆ ಆ ಗೋದಾಮೇ ಮನೆ. ಗಿಲ್ಮನ್‌ನವರ ಸಿಟ್ಟಿಗೂ ಕಾರಣ ಇತ್ತು ಅಂತ ನಾನು ನಂಬುತ್ತೇನೆ. ಕೈಯಿಂದ ಕಟ್ಟಿದ್ದನ್ನು ಕಂಪನಿಗಳು ಬಂದು ಎತ್ತಿಕೊಂಡು ಹೋಗುತ್ತವೆ ಎನ್ನುವ ಅವರ ಭಯ ಸುಳ್ಳಲ್ಲ. ಎರಡೂ ಕಡೆ ನ್ಯಾಯ ಇರುವ ಜಗಳಗಳೇ ಹೆಚ್ಚು ನೋಯಿಸುವುದು. ಈ ನೋವು ಗ್ರೀನ್ ಡೇ ಸಂಗೀತದಲ್ಲಿ ಹತ್ತು ವರ್ಷ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇತ್ತು.

‘ಡೂಕಿ’ 1994ರ ಫೆಬ್ರವರಿ 1ರಂದು ಬಂತು. ಬರ್ಕ್ಲಿಯ ಫ್ಯಾಂಟಸಿ ಸ್ಟುಡಿಯೋದಲ್ಲಿ ಕೆಲವೇ ವಾರಗಳ ಕೆಲಸ. ಮೊದಲ ಮಿಕ್ಸಿಂಗ್ (ರೆಕಾರ್ಡ್ ಮಾಡಿದ ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಬ್ಯಾಂಡಿಗೆ ಹಿಡಿಸಲಿಲ್ಲ, ಜೆರ್ರಿ ಫಿನ್ ಎಂಬ ಎಂಜಿನಿಯರ್ ಜೊತೆ ಕವಾಲೊ ಮತ್ತೆ ಮಾಡಿದರು. ಫಲ: ಗಿಟಾರು, ಬೇಸು, ಡ್ರಮ್ಸು ಮೂರೂ ಒಂದರ ಮೇಲೊಂದು ಬೀಳದೆ, ಕೈಯಳತೆಯಲ್ಲಿ ಇದ್ದ ಹಾಗೆ ಕೇಳುತ್ತವೆ. ಹಳೆಯ ಪಂಕ್ ರೆಕಾರ್ಡುಗಳಲ್ಲಿ ಎಲ್ಲವೂ ಒಂದೇ ಮುದ್ದೆ. ಇಲ್ಲಿ ಒಬ್ಬೊಬ್ಬರನ್ನೂ ಬಿಡಿಸಿ ಕೇಳಬಹುದು.

ಬಿಡಿಸಿ ಕೇಳಿ. ‘ಲಾಂಗ್‌ವ್ಯೂ’ ಹಾಡಿನಲ್ಲಿ ಚರಣದ ಉದ್ದಕ್ಕೂ ಗಿಟಾರು ದೂರ ನಿಂತಿರುತ್ತದೆ. ಮೈಕ್‌ನ ಬೇಸ್ ಸೋಮಾರಿಯಂತೆ ಓಲಾಡುತ್ತ ನಡೆಯುತ್ತದೆ, ಮನೆಯಲ್ಲಿ ಮಾಡಲು ಏನೂ ಇಲ್ಲದೆ ಟಿವಿ ಮುಂದೆ ಬಿದ್ದುಕೊಂಡವನ ಮಧ್ಯಾಹ್ನದ ಹಾಗೆ. ಪಲ್ಲವಿಗೆ ಗಿಟಾರು ಅಪ್ಪಳಿಸುತ್ತದೆ. ‘ಬಾಸ್ಕೆಟ್ ಕೇಸ್’ ಶುರುವಾಗುವುದು ದನಿ ಮತ್ತು ಬಾಯಿ ಮುಚ್ಚಿದ ಗಿಟಾರಿನಿಂದ ಮಾತ್ರ. ತನಗೆ ಹುಚ್ಚು ಹಿಡಿಯುತ್ತಿದೆಯೋ ಏನೋ ಎಂಬ ಆತಂಕವನ್ನು ಹಾಡುಗಾರ ಒಬ್ಬನೇ ಹೇಳಿಕೊಳ್ಳುತ್ತಿರುತ್ತಾನೆ. ಆಮೇಲೆ ಬೇಸು, ಡ್ರಮ್ಸು ನುಗ್ಗುತ್ತವೆ. ಆ ಹಾಡಿನ ಕಾರ್ಡುಗಳ ಸಾಲು ಬಹುಮಟ್ಟಿಗೆ 17ನೇ ಶತಮಾನದ ಜರ್ಮನ್ ಸಂಯೋಜಕ ಪಾಕೆಲ್‌ಬೆಲ್‌ನ ‘ಕ್ಯಾನನ್’ ಎಂಬ ಪ್ರಸಿದ್ಧ ರಚನೆಯದೇ ಸಾಲು. ಪಶ್ಚಿಮದ ಮದುವೆಗಳಲ್ಲಿ ನುಡಿಸುವ ಆ ಶಾಂತ ರಚನೆಯ ಅಸ್ಥಿಪಂಜರದ ಮೇಲೆ ಗಾಬರಿಯ ಹಾಡೊಂದನ್ನು ಕಟ್ಟಿದ್ದಾರೆ. ಬಿಲ್ಲಿ ಜೋಗೆ ಆತಂಕದ ಕಾಯಿಲೆ ಇದ್ದದ್ದು ನಿಜ. ಅದಕ್ಕೆ ಹೆಸರಿದೆ ಅಂತ ತಿಳಿಯುವ ಮುಂಚಿನ ದಿನಗಳ ಹಾಡು ಇದು. 14 ಹಾಡುಗಳ ಈ ಆಲ್ಬಮ್ ಪೂರ್ತಿ ಕೇಳಲು 40 ನಿಮಿಷ ಬೇಡ.

ಅಮೆರಿಕ ಒಂದರಲ್ಲೇ ಅದು ಒಂದು ಕೋಟಿ ಪ್ರತಿಗಳ ಗಡಿ ದಾಟಿತು. ಪರ್ಯಾಯ ಸಂಗೀತ ವಿಭಾಗದ ಗ್ರ್ಯಾಮಿ ಬಂತು. 1994ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಮಳೆಗೆ ನೆಲವೆಲ್ಲ ಕೆಸರಾಗಿ, ಜನ ಕೆಸರು ಎಸೆದು, ಬ್ಯಾಂಡೂ ತಿರುಗಿ ಎಸೆದು, ಕೊನೆಗೆ ಮೈಕನ್ನು ವೇದಿಕೆಗೆ ನುಗ್ಗಿದ ಯಾರೋ ಅಭಿಮಾನಿ ಅಂದುಕೊಂಡ ಕಾವಲುಗಾರನೊಬ್ಬ ಬೀಳಿಸಿ ಅವನ ಹಲ್ಲು ಮುರಿಯಿತು. ಟಿವಿಯಲ್ಲಿ ಅದನ್ನು ಕಂಡವರೆಲ್ಲ ಮರುದಿನ ರೆಕಾರ್ಡ್ ಅಂಗಡಿಗೆ ನಡೆದರು. ಆ ವರ್ಷದ ನಂತರ ಪಾಪ್-ಪಂಕ್ ರೇಡಿಯೋದ ಮಾಮೂಲಿ ಸದ್ದಾಯಿತು. ‘ಡೂಕಿ’ ಮಿಕ್ಸ್ ಮಾಡಿದ ಜೆರ್ರಿ ಫಿನ್ ಐದು ವರ್ಷದ ನಂತರ ಬ್ಲಿಂಕ್-182 ಬ್ಯಾಂಡಿನ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ನಿರ್ಮಿಸಿದ. ಒಂದು ತಲೆಮಾರಿನ ಸದ್ದು ಒಬ್ಬ ಎಂಜಿನಿಯರಿನ ಕೈಯಿಂದ ಹೇಗೆ ಹರಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಹೊಸ ದಾರಿಯ ಹುಡುಕಾಟ

1995ರ ‘ಇನ್ಸಾಮ್ನಿಯಾಕ್’ ಸಿಟ್ಟಿನ ಆಲ್ಬಮ್. ಗಿಟಾರು ಇನ್ನಷ್ಟು ದಪ್ಪ, ನಗು ಕಡಿಮೆ. ಗಿಲ್ಮನ್‌ಗೆ ಮರಳಿದರೆ ಸ್ವಾಗತ ಸಿಗುವುದಿಲ್ಲ ಎಂಬ ಸಂಕಟಕ್ಕೇ ಒಂದು ಹಾಡು ಮೀಸಲು. ಅದರಲ್ಲಿ ನಾನು ಎತ್ತಿ ತೋರಿಸಬೇಕಾದದ್ದು ‘ಬ್ರೇನ್ ಸ್ಟ್ಯೂ’. ಐದು ಕಾರ್ಡುಗಳು ಮೆಟ್ಟಿಲಿಳಿದ ಹಾಗೆ ಕೆಳಗಿಳಿಯುತ್ತವೆ, ನಿಧಾನವಾಗಿ, ನಡುನಡುವೆ ಮೌನ ಬಿಟ್ಟು. ಮಗು ಹುಟ್ಟಿದ ಮನೆಯ ನಿದ್ದೆಗೆಟ್ಟ ರಾತ್ರಿಗಳ ಹಾಡು. ಅದು ಮುಗಿದ ಕ್ಷಣವೇ ಉಸಿರು ಬಿಡದೆ ‘ಜೇಡೆಡ್’ ಎಂಬ ಮಿಂಚಿನ ವೇಗದ ಹಾಡಿಗೆ ಜಿಗಿಯುತ್ತದೆ. ರೇಡಿಯೋದಲ್ಲೂ ಎರಡನ್ನೂ ಸೇರಿಸಿಯೇ ಹಾಕುತ್ತಿದ್ದರು. ಒಂದು ನಿಧಾನದ ತುಂಡು, ಒಂದು ವೇಗದ ತುಂಡು, ನಡುವೆ ಹೊಲಿಗೆ. ಮುಂದೆ ಬರುವುದರ ಬೀಜ ಇಲ್ಲಿದೆ, ನೆನಪಿಟ್ಟುಕೊಳ್ಳಿ.

ಎರಡು ವರ್ಷದ ಮೇಲೆ ‘ನಿಮ್ರಾಡ್’. ಪಿಟೀಲು ಬಂತು, ತುತ್ತೂರಿ ಬಂತು, ಮಾತಿಲ್ಲದ ಕಡಲತೀರದ ಗಿಟಾರು ಬಂತು. ಆದರೆ ಎಲ್ಲರ ನೆನಪಿನಲ್ಲಿ ಉಳಿದದ್ದು ‘ಗುಡ್ ರಿಡೆನ್ಸ್’. ಒಂದೇ ಒಂದು ಅಕೂಸ್ಟಿಕ್ ಗಿಟಾರು, ಹಿಂದೆ ಸಣ್ಣ ತಂತಿವಾದ್ಯ ಮೇಳ, ಡ್ರಮ್ಸ್ ಇಲ್ಲ. ದೂರ ದೇಶಕ್ಕೆ ಹೊರಟ ಗೆಳತಿಯ ಮೇಲಿನ ಮುನಿಸಿನಲ್ಲಿ ವರ್ಷಗಳ ಹಿಂದೆಯೇ ಬರೆದು, ಬ್ಯಾಂಡಿಗೆ ಒಪ್ಪುವುದಿಲ್ಲವೆಂದು ಪಕ್ಕಕ್ಕಿಟ್ಟ ಹಾಡು. ಹೆಸರಿನ ಅರ್ಥವೇ ‘ತೊಲಗಿತು, ಒಳ್ಳೆಯದಾಯಿತು’ ಎಂಬ ಧಾಟಿಯದು. ಆದರೂ ಅಮೆರಿಕದ ಶಾಲೆಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ ಅದು ಖಾಯಂ ಆಯಿತು. ಹಾಡಿನ ಶುರುವನ್ನು ಕಿವಿಗೊಟ್ಟು ಕೇಳಿ. ಬಿಲ್ಲಿ ಜೋ ಎರಡು ಸಲ ತಪ್ಪು ನುಡಿಸಿ, ಗೊಣಗಿ, ಮತ್ತೆ ಆರಂಭಿಸುತ್ತಾನೆ. ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಾರೆ. ಪವರ್ ಕಾರ್ಡಿನ ಗೋಡೆ ಇಲ್ಲದೆಯೂ ಇವರ ಧಾಟಿ ನಿಲ್ಲಬಲ್ಲದು ಅಂತ ಇವರಿಗೇ ಗೊತ್ತಾದದ್ದು ಈ ಹಾಡಿನಿಂದ.

ಆ ಧೈರ್ಯದ ಮೇಲೆ 2000ದಲ್ಲಿ ‘ವಾರ್ನಿಂಗ್’ ಬಂತು. ಅಕೂಸ್ಟಿಕ್ ಗಿಟಾರು ಮುಂದೆ, ಅಕಾರ್ಡಿಯನ್, ಮ್ಯಾಂಡೊಲಿನ್, 1960ರ ದಶಕದ ಬ್ರಿಟಿಷ್ ಪಾಪ್‌ನ ನೆರಳು. ಮಾರಾಟ ಹಿಂದಿನವಕ್ಕಿಂತ ತೀರ ಕಡಿಮೆ. ಅಷ್ಟರಲ್ಲಿ ಇವರ ನೆರಳಿನಲ್ಲಿ ಬೆಳೆದ ಬ್ಲಿಂಕ್-182 ಇವರಿಗಿಂತ ದೊಡ್ಡ ಹೆಸರಾಗಿತ್ತು. 2002ರಲ್ಲಿ ಎರಡೂ ಬ್ಯಾಂಡ್ ಒಟ್ಟಿಗೆ ಪ್ರವಾಸ ಹೊರಟವು. ‘ವಾರ್ನಿಂಗ್’ ಸೋಲು ಅಂತ ಬರೆಯುವವರು ಇದ್ದಾರೆ. ಆ ಆಲ್ಬಮಿನ ‘ಮೈನಾರಿಟಿ’ ಹಾಡು ಕೇಳಿ ನೋಡಿ. ಸ್ವಂತ ಬೇಸರದಿಂದ ಹೊರಬಂದು ಸುತ್ತಲಿನ ರಾಜಕೀಯದ ಕಡೆ ಕಣ್ಣೆತ್ತಿದ್ದು ಅಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಆ ಸೋತ ಆಲ್ಬಮ್ ಇಲ್ಲದಿದ್ದರೆ ಮುಂದಿನದು ಇಲ್ಲ.

ಮೂವತ್ತು ಸೆಕೆಂಡಿನ ಆಟ

2003. ಹೊಸ ಆಲ್ಬಮಿಗೆಂದು ಸುಮಾರು 20 ಹಾಡು ರೆಕಾರ್ಡ್ ಮಾಡಿದ್ದರು. ಮೂಲ ಟೇಪುಗಳು ಸ್ಟುಡಿಯೋದಿಂದ ಕಾಣೆಯಾದವು. ಮತ್ತೆ ಅದನ್ನೇ ರೆಕಾರ್ಡ್ ಮಾಡಬಹುದಿತ್ತು. ಆದರೆ ಇದು ನಿಮ್ಮ ಅತ್ಯುತ್ತಮ ಕೆಲಸವಾ ಅಂತ ಕವಾಲೊ ಕೇಳಿದಾಗ ಪ್ರಾಮಾಣಿಕವಾಗಿ ಹೌದು ಅನ್ನಲು ಆಗಲಿಲ್ಲ. ಬಿಟ್ಟರು. ಸೊನ್ನೆಯಿಂದ ಶುರು.

ಒಂದು ದಿನ ಓಕ್ಲೆಂಡಿನ ಸ್ಟುಡಿಯೋದಲ್ಲಿ ಮೈಕ್ ಒಬ್ಬನೇ ಇದ್ದ. ಬೇಜಾರು ಕಳೆಯಲು 30 ಸೆಕೆಂಡಿನ ಒಂದು ಹಾಡು ಮಾಡಿಟ್ಟ. ಬಿಲ್ಲಿ ಜೋ ಬಂದು ಕೇಳಿ, ಅದರ ಬಾಲಕ್ಕೆ ತನ್ನದೊಂದು 30 ಸೆಕೆಂಡು ಅಂಟಿಸಿದ. ಟ್ರೇ ಕೂಲ್ ಇನ್ನೊಂದು. ಅಂತ್ಯಾಕ್ಷರಿಯಂತೆ ಆಟ ಬೆಳೆಯಿತು. ಆ ತುಂಡುಗಳೇ ಸೇರಿ ‘ಹೋಮ್‌ಕಮಿಂಗ್’ ಎಂಬ ಐದು ಭಾಗದ ಹಾಡಾಯಿತು. ಈ ರೀತಿ ಹಾಡು ಕಟ್ಟಬಹುದು ಎಂದು ಗೊತ್ತಾದ ಮೇಲೆ ಹುಟ್ಟಿದ್ದು ‘ಜೀಸಸ್ ಆಫ್ ಸಬರ್ಬಿಯಾ’, 9 ನಿಮಿಷ 8 ಸೆಕೆಂಡು.

ಈ ಹಾಡಿನ ಮುಂದೆ ನಾನು ಎಷ್ಟೋ ಸಲ ಕೂತಿದ್ದೇನೆ. ಉದ್ದ ನೋಡಿ ಹೆದರಬೇಡಿ, ಒಳಗೆ ಐದು ಚಿಕ್ಕ ಹಾಡುಗಳಿವೆ, ಒಂದೊಂದಕ್ಕೂ ಹೆಸರಿದೆ. ಮೊದಲ ಭಾಗದ ಕಾರ್ಡುಗಳ ಸಾಲು 1950ರ ದಶಕದ ಅಮೆರಿಕನ್ ಪ್ರೇಮಗೀತೆಗಳಲ್ಲಿ ಸವೆದು ಹೋದ ಸಾಲು. ಮಾದಕ ವಸ್ತು, ಟಿವಿ, ಒಡೆದ ಮನೆಗಳ ನಡುವೆ ಬೆಳೆದ ಹುಡುಗನ ಕತೆಯನ್ನು ಅವನ ಅಜ್ಜ ಅಜ್ಜಿಯ ಕಾಲದ ಸಿಹಿ ಸಾಲಿನ ಮೇಲೆ ಕೂರಿಸಿದ್ದಾರೆ. ಎರಡನೆಯದು ನಿಧಾನಿಸುತ್ತದೆ, ಪಿಯಾನೋ ಕೇಳುತ್ತದೆ. ಮೂರನೆಯದು ಶುದ್ಧ ಪಂಕ್ ಕೂಗಾಟ. ನಾಲ್ಕನೆಯದು ಸಣ್ಣದು, ಹಗುರ, ಒಪ್ಪಿಸಿಕೊಳ್ಳುವ ದನಿ. ಐದನೆಯದರಲ್ಲಿ ಹುಡುಗ ಊರು ಬಿಡುತ್ತಾನೆ. ಇವುಗಳಲ್ಲಿ ಯಾವುದನ್ನು ಕತ್ತರಿಸಿ ತೆಗೆದರೂ ‘ಡೂಕಿ’ ಕಾಲದ ಒಂದು ಹಾಡಿನ ಅಳತೆಗೆ ಸರಿಹೋಗುತ್ತದೆ. ದೊಡ್ಡ ರಾಕ್ ಬ್ಯಾಂಡುಗಳು ಉದ್ದದ ಹಾಡು ಮಾಡಿದಾಗ ಒಂದು ಗಿಟಾರು ನಾಲ್ಕು ನಿಮಿಷ ಒಂಟಿಯಾಗಿ ಅಲೆದಾಡುವುದುಂಟು. ಇಲ್ಲಿ ಅಂಥ ಅಲೆದಾಟ ಇಲ್ಲ. ‘ಬ್ರೇನ್ ಸ್ಟ್ಯೂ’ಗೂ ‘ಜೇಡೆಡ್’ಗೂ ನಡುವೆ ಹಾಕಿದ ಹೊಲಿಗೆಯನ್ನೇ ಇಲ್ಲಿ ನಾಲ್ಕು ಸಲ ಹಾಕಿದ್ದಾರೆ.

‘ಅಮೆರಿಕನ್ ಈಡಿಯಟ್’ 2004ರ ಸೆಪ್ಟೆಂಬರಿನಲ್ಲಿ ಬಂತು. ಇಡೀ ಆಲ್ಬಮ್ ಒಂದೇ ಕತೆ ಹೇಳುತ್ತದೆ, ಇದಕ್ಕೆ ರಾಕ್ ಒಪೆರಾ ಎನ್ನುತ್ತಾರೆ. ಊರು ಬಿಟ್ಟ ಹುಡುಗ ನಗರ ಸೇರುತ್ತಾನೆ, ಸೇಂಟ್ ಜಿಮ್ಮಿ ಎಂಬ ಪುಂಡನ ಸಹವಾಸಕ್ಕೆ ಬೀಳುತ್ತಾನೆ, ಒಬ್ಬಳನ್ನು ಪ್ರೀತಿಸುತ್ತಾನೆ, ಎಲ್ಲ ಕಳೆದುಕೊಂಡು ಊರಿಗೆ ಮರಳುತ್ತಾನೆ. ಕೊನೆಗೆ ಅವಳ ಮುಖ ನೆನಪಿದೆ, ಹೆಸರು ನೆನಪಿಲ್ಲ. ಹೊರಗೆ 2003ರ ಮಾರ್ಚಿನಲ್ಲಿ ಶುರುವಾದ ಇರಾಕ್ ಯುದ್ಧ. ಹಗಲು ರಾತ್ರಿ ಯುದ್ಧವನ್ನು ಕ್ರಿಕೆಟ್ ಸ್ಕೋರಿನಂತೆ ತೋರಿಸುವ ಟಿವಿ ಚಾನೆಲುಗಳು. ಜನಪ್ರಿಯ ಕಲಾವಿದರು ಬಾಯಿ ಬಿಡಲು ಹೆದರುತ್ತಿದ್ದ ಕಾಲ ಅದು. ಅಧ್ಯಕ್ಷ ಬುಷ್ ಅವರನ್ನು ಟೀಕಿಸಿದ್ದಕ್ಕೆ ಡಿಕ್ಸಿ ಚಿಕ್ಸ್ ತಂಡದ ಹಾಡುಗಳನ್ನು ಎಷ್ಟೋ ರೇಡಿಯೋ ಕೇಂದ್ರಗಳು ನಿಲ್ಲಿಸಿದ್ದವು. ಆ ಹೊತ್ತಿನಲ್ಲಿ, ಒಂದು ಸೋಲಿನ ಬೆನ್ನಿಗೆ, ಈ ಮೂವರು ಅಂಥ ಆಲ್ಬಮ್ ತಂದರು. ಅವರ ಇತಿಹಾಸದಲ್ಲೇ ಮೊದಲ ಬಾರಿಗೆ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಅತ್ಯುತ್ತಮ ರಾಕ್ ಆಲ್ಬಮ್ ಗ್ರ್ಯಾಮಿ ಬಂತು. ಮರುವರ್ಷ ‘ಬೊಲೆವಾರ್ಡ್’ ಹಾಡಿಗೆ ವರ್ಷದ ರೆಕಾರ್ಡ್ ಪ್ರಶಸ್ತಿ.

ನಾನು ಹಾಸ್ಟೆಲಿನಲ್ಲಿ ಕೇಳಿದ ಆ ‘ಬೊಲೆವಾರ್ಡ್’ ಆಲ್ಬಮಿನ ಒಳಗೆ ಎಲ್ಲಿ ಕೂತಿದೆ ಅಂತ ಗೊತ್ತಾದ ದಿನ ನನಗೆ ಹಾಡು ಬೇರೆಯೇ ಆಗಿ ಕೇಳಿಸಿತು. ಅದರ ಹಿಂದಿನ ಹಾಡು ‘ಹಾಲಿಡೇ’, ಯುದ್ಧದ ವಿರುದ್ಧದ ಅಬ್ಬರ. ಅಬ್ಬರ ನಿಲ್ಲದೆಯೇ ‘ಬೊಲೆವಾರ್ಡ್’ಗೆ ಸೇರಿಕೊಳ್ಳುತ್ತದೆ. ಗುಂಪಿನ ಘೋಷಣೆ ಮುಗಿದ ಮೇಲೆ ಖಾಲಿ ಬೀದಿಯಲ್ಲಿ ಉಳಿದವನ ಹಾಡು ಅದು. ಗಿಟಾರು ನಡುಗುವುದು ಟ್ರೆಮೊಲೊ ಎಂಬ ಪರಿಣಾಮದಿಂದ. ಸದ್ದಿನ ಮಟ್ಟವನ್ನು ಒಂದೇ ಲಯದಲ್ಲಿ ಏರಿಸಿ ಇಳಿಸುವುದರಿಂದ ಆ ಅಲುಗಾಟ ಬರುತ್ತದೆ. ಇನ್ನು ‘ವೇಕ್ ಮಿ ಅಪ್ ವೆನ್ ಸೆಪ್ಟೆಂಬರ್ ಎಂಡ್ಸ್’. ಯುದ್ಧದ ಆಲ್ಬಮಿನಲ್ಲಿ ಇದ್ದರೂ ಅದು 1982ರ ಸೆಪ್ಟೆಂಬರಿನದು, ಅಪ್ಪನದು. 22 ವರ್ಷ ಬೇಕಾಯಿತು ಆ ಹಾಡು ಬರಲು.

ಈ ಆಲ್ಬಮನ್ನು 2009ರಲ್ಲಿ ಬರ್ಕ್ಲಿಯಲ್ಲಿ ರಂಗಕ್ಕೆ ತಂದರು, 2010ರಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಹೋಯಿತು, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಎರಡು ಪಡೆಯಿತು. ಲುಕ್‌ಔಟ್ ಬಗ್ಗೆಯೂ ಒಂದು ಮಾತು. ದೊಡ್ಡವರಾದ ಮೇಲೂ ಮೊದಲ ಎರಡು ಆಲ್ಬಮ್ ಆ ಸಣ್ಣ ಲೇಬಲಿನಲ್ಲೇ ಇರಲಿ ಅಂತ ವರ್ಷಗಟ್ಟಲೆ ಬಿಟ್ಟಿದ್ದರು. ರಾಯಧನ ಬಾಕಿ ಉಳಿದದ್ದರಿಂದ 2005ರಲ್ಲಿ ಹಿಂದಕ್ಕೆ ಪಡೆದರು.

ಆಮೇಲಿನ ವರ್ಷಗಳು

ಬೇಗ ಹೇಳಿ ಮುಗಿಸಬಹುದಾದ ಭಾಗ ಇದು. 2009ರ ‘21ಸ್ಟ್ ಸೆಂಚುರಿ ಬ್ರೇಕ್‌ಡೌನ್’ ಮತ್ತೊಂದು ರಾಕ್ ಒಪೆರಾ. ಹಾಡುಗಳು ಚೆನ್ನಾಗಿವೆ, ಕತೆ ಅಷ್ಟು ಅಂಟಿಕೊಳ್ಳಲಿಲ್ಲ. 2012ರಲ್ಲಿ ಕೆಲವೇ ತಿಂಗಳಲ್ಲಿ ಮೂರು ಆಲ್ಬಮ್ ಹೊರಬಂದವು, 37 ಹಾಡು. ಅದರಲ್ಲಿ ಒಂದು ಒಳ್ಳೆ ಆಲ್ಬಮ್ ಅಡಗಿದೆ ಅನ್ನಿಸುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್ ವೇದಿಕೆಯ ಮೇಲೆ ಬಿಲ್ಲಿ ಜೋ ಸಿಟ್ಟಿನಿಂದ ಗಿಟಾರು ಒಡೆದು ಹಾಕಿದ, ನಂತರ ವ್ಯಸನದ ಚಿಕಿತ್ಸೆಗೆ ಸೇರಿದ. ಪ್ರವಾಸಗಳು ನಿಂತವು. 2016ರಲ್ಲಿ ಓಕ್ಲೆಂಡಿನಲ್ಲಿ ತಾವೇ ನಿರ್ಮಿಸಿದ ‘ರೆವಲ್ಯೂಷನ್ ರೇಡಿಯೋ’ ಮತ್ತೆ ಪಟ್ಟಿಯ ತುದಿಗೆ ಹೋಯಿತು. 2020ರ ಆಲ್ಬಮ್ ಬರೀ 26 ನಿಮಿಷದ್ದು, ಬಿಲ್ಲಿ ಜೋ ಕೀರಲು ದನಿಯಲ್ಲಿ ಹಾಡಿದ್ದಾನೆ, ಹಳೇ ಸೋಲ್ ಸಂಗೀತದ ಕುಣಿತ ಇದೆ. ನನಗೆ ಅದು ಹತ್ತಿರವಾಗಲಿಲ್ಲ.

ಹತ್ತಿರವಾದದ್ದು 2015ರ ಎರಡು ಸಂಗತಿ. ಏಪ್ರಿಲಿನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಮೇ ತಿಂಗಳಲ್ಲಿ ಇಪ್ಪತ್ತೆರಡು ವರ್ಷದ ನಂತರ ಗಿಲ್ಮನ್ ಬಾಗಿಲು ತೆರೆಯಿತು. ಬೆಂಕಿ ಅನಾಹುತದಲ್ಲಿ ನಷ್ಟಕ್ಕೊಳಗಾದ ಒಂದು ಪುಸ್ತಕ ಪ್ರಕಾಶನಕ್ಕೆ ಸಹಾಯ ಮಾಡಲು ಅಲ್ಲಿ ಹಾಡಿದರು. ಎರಡರಲ್ಲಿ ದೊಡ್ಡದು ಯಾವುದು ಅಂತ ನನ್ನನ್ನು ಕೇಳಿದರೆ ಹಳೇ ಗೋದಾಮಿನ ಕಡೆಗೇ ಕೈ ತೋರಿಸುತ್ತೇನೆ.

2024ರ ಜನವರಿಯಲ್ಲಿ ಕವಾಲೊ ಮರಳಿ ಬಂದು ನಿರ್ಮಿಸಿದ ‘ಸೇವಿಯರ್ಸ್’ ಹೊರಬಂತು. ಅದರಲ್ಲಿ ‘ಡೈಲೆಮಾ’ ಎಂಬ ಹಾಡು ವ್ಯಸನದ ಜೊತೆಗಿನ ಹೋರಾಟವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆ ವರ್ಷದ ಪ್ರವಾಸದಲ್ಲಿ ಅವರು ‘ಡೂಕಿ’ಯನ್ನೂ ‘ಅಮೆರಿಕನ್ ಈಡಿಯಟ್’ಅನ್ನೂ ಒಂದೇ ಸಂಜೆ ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಒಂದಕ್ಕೆ 30 ವರ್ಷ, ಇನ್ನೊಂದಕ್ಕೆ 20. ಮರುವರ್ಷ, 2025ರ ಮಾರ್ಚ್ 8ರಂದು, ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಲೊಲ್ಲಾಪಲೂಜಾ ಉತ್ಸವಕ್ಕೆ ಬಂದರು. ಭಾರತದಲ್ಲಿ ಅವರು ಹಾಡಿದ್ದು ಅದೇ ಮೊದಲು.

ಹೊಸದಾಗಿ ಕೇಳುವವರು ನನ್ನ ಹಾಗೆ ಹಿಂದುಮುಂದು ಕೇಳಬೇಕಾಗಿಲ್ಲ. ಮೊದಲು ‘ಬಾಸ್ಕೆಟ್ ಕೇಸ್’ ಹಾಕಿ, ದನಿ ಒಂಟಿಯಾಗಿರುವಲ್ಲಿಂದ ಡ್ರಮ್ಸ್ ನುಗ್ಗುವ ಜಾಗ ಗುರುತಿಸಿ. ಆಮೇಲೆ ‘ಬ್ರೇನ್ ಸ್ಟ್ಯೂ’ ಮತ್ತು ‘ಜೇಡೆಡ್’ ಒಟ್ಟಿಗೆ, ನಡುವಿನ ಹೊಲಿಗೆಗಾಗಿ. ‘ಗುಡ್ ರಿಡೆನ್ಸ್’ನ ಮೊದಲ ಹತ್ತು ಸೆಕೆಂಡು, ತಪ್ಪಿಗಾಗಿ. ಕೊನೆಗೆ ‘ಜೀಸಸ್ ಆಫ್ ಸಬರ್ಬಿಯಾ’. ಕೈಯಲ್ಲಿ ಒಂದು ಪೆನ್ನು ಹಿಡಿದು ಕೂತು, ಹಾಡು ತಿರುಗುವ ಕಡೆಯಲ್ಲೆಲ್ಲ ಒಂದು ಗೆರೆ ಎಳೆಯಿರಿ. ಮುಗಿದ ಮೇಲೆ ಕಾಗದದ ಮೇಲೆ ನಾಲ್ಕು ಗೆರೆ ಇರುತ್ತವೆ, ಗೆರೆಗಳ ಆಚೀಚೆ ಐದು ಚಿಕ್ಕ ಹಾಡು.